ಲೀ 9 ಎಂಎಂ ನಾಲ್ಕು ಡೈ ಸೆಟ್: ಎರಡು ವರ್ಷ ತೋಟೆ ತುಂಬಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಹಾರಿಸಿದ ಪಿಸ್ತೂಲು ತೋಟೆಯನ್ನು ಮನೆಯಲ್ಲೇ ಮತ್ತೆ ತುಂಬಲು ಬಳಸುವ ಡೈಗಳ, ಅಂದರೆ ಅಚ್ಚುಗಳ, ಈ ಸೆಟ್ ಕೊಳ್ಳಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಅದರಲ್ಲಿರುವ ನಾಲ್ಕನೇ ಡೈ, ಅಂದರೆ ಕೇಸಿನ ಬಾಯಿಯನ್ನು ಗುಂಡಿನ ಸುತ್ತ ಒತ್ತುವ ಕ್ರಿಂಪ್ ಡೈ, ಯಾಕೆ ಬೇಕು ಅನ್ನುವ ಬಗ್ಗೆ ಸುಮಾರು ಜನರಿಗೆ ತಪ್ಪು ತಿಳುವಳಿಕೆ ಇದೆ. ನನಗೂ ಒಂದು ವರ್ಷ ಇತ್ತು. ಗುಂಡು ಅಲ್ಲಾಡದ ಹಾಗೆ ಹಿಡಿದಿಡುವುದೇ ಕ್ರಿಂಪ್ ಅಂತ ನಂಬಿದ್ದೆ. ಹಾಗಾಗಿ ಗುಂಡು ಸಡಿಲ ಅನ್ನಿಸಿದಾಗಲೆಲ್ಲ ಕ್ರಿಂಪನ್ನು ಇನ್ನೊಂದಿಷ್ಟು ಬಿಗಿ ಮಾಡುತ್ತಿದ್ದೆ. ಬಿಗಿ ಮಾಡಿದಷ್ಟೂ ಗುಂಡು ಇನ್ನೂ ಸಡಿಲ ಆಗುತ್ತಿತ್ತು. ಹಾಗೇಕೆ ಆಗುತ್ತದೆ ಅಂತ ಬಿಡಿಸಿ ಹೇಳದೆ ಡೈ ಚೆನ್ನಾಗಿದೆ ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ಅದಕ್ಕೇ ಇದು ಇಷ್ಟು ಉದ್ದ ಆಗಿದೆ.

ನಾನಿರುವುದು ಟೆಕ್ಸಸ್‌ನಲ್ಲಿ, ಊರು ತೀರ್ಥಹಳ್ಳಿ ಕಡೆ. ಇಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ತುಂಬಿ ಮಾರಲು ಹೊರಟರೆ ಬೇಕು. ಊರಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ. 9 ಎಂಎಂ ಅಂತೂ ಅಲ್ಲಿ ಸಾಮಾನ್ಯರಿಗೆ ನಿಷೇಧಿತ ಬೋರ್. ಹಾಗಾಗಿ ಇದು ಇಲ್ಲೇ ಇದ್ದುಕೊಂಡು ವಾರಾಂತ್ಯ ರೇಂಜಿಗೆ ಹೋಗುವ ನಮ್ಮವರಿಗೆ ಬರೆದದ್ದು. ಮದ್ದಿನ ತೂಕ ಇದರಲ್ಲಿ ಎಲ್ಲೂ ಇಲ್ಲ, ಬೇಕಂತಲೇ ಬಿಟ್ಟಿದ್ದೇನೆ. ಅದನ್ನು ಮದ್ದಿನ ಕಂಪನಿಯ ಮ್ಯಾನುಯಲ್ ನೋಡಿಯೇ ಹಾಕಬೇಕು. ನನ್ನಂಥವರು ಬರೆದದ್ದು ನೋಡಿ ಹಾಕಬಾರದು.

ಮಾತು ನಮ್ಮ ಮಲೆನಾಡಿನದೇ ಬಳಸುತ್ತೇನೆ. ತೋಟೆ ಅಂದರೆ ಪೂರ್ತಿ ಕಾರ್ಟ್ರಿಡ್ಜ್. ಗುಂಡು ಅಂದರೆ ನಳಿಗೆಯಿಂದ ಹಾರಿ ಹೋಗುವ ಭಾಗ ಮಾತ್ರ. ಕೇಸು ಅಂದರೆ ಖಾಲಿ ಹಿತ್ತಾಳೆ. ಕೇಪು ಅಂದರೆ ಪ್ರೈಮರ್. ಪ್ರೆಸ್ ಅಂದರೆ ಡೈಗಳನ್ನು ಕೂರಿಸಿ ಹಿಡಿ ಎಳೆದು ಒತ್ತುವ ಯಂತ್ರ. ಕ್ರಿಂಪ್, ಡೈ, ಪ್ರೆಸ್ ಈ ಮಾತುಗಳು ಹಾಗೇ ಇರಲಿ.

ಲೀ ಪ್ರಿಸಿಷನ್ ವಿಸ್ಕಾನ್ಸಿನ್ ರಾಜ್ಯದ ಹಾರ್ಟ್‌ಫರ್ಡ್ ಅನ್ನುವ ಊರಿನ ಕಂಪನಿ. ಡಿಲಕ್ಸ್ ಸೆಟ್ಟಿನಲ್ಲಿ ನಾಲ್ಕು ಡೈ ಬರುತ್ತವೆ. ಮೊದಲನೆಯದು ಹಾರಿಸಿದ ಕೇಸನ್ನು ಮತ್ತೆ ಹಳೇ ಅಳತೆಗೆ ಕುಗ್ಗಿಸಿ ಸುಟ್ಟ ಕೇಪನ್ನು ಹೊರಗೆ ತಳ್ಳುತ್ತದೆ. ಎರಡನೆಯದು ಕೇಸಿನ ಬಾಯಿಯನ್ನು ತುಸು ಅರಳಿಸುತ್ತದೆ, ಅದರ ಮೂಲಕವೇ ಮದ್ದನ್ನೂ ಸುರಿಯಬಹುದು. ಮೂರನೆಯದು ಗುಂಡನ್ನು ಕೂರಿಸುತ್ತದೆ. ನಾಲ್ಕನೆಯದು ಕಂಪನಿ ಫ್ಯಾಕ್ಟರಿ ಕ್ರಿಂಪ್ ಡೈ ಅಂತ ಕರೆಯುವುದು. ಜೊತೆಗೆ ಕೇಸಿನ ತಳ ಹಿಡಿಯುವ 19ನೇ ನಂಬರಿನ ಶೆಲ್ ಹೋಲ್ಡರ್, ಮದ್ದು ಅಳೆಯುವ ಪುಟ್ಟ ಸೌಟು, ಒಂದು ಹಾಳೆ ವಿವರಣೆ. ನಾನು ಕೊಂಡಾಗ ಎಲ್ಲ ಸೇರಿ ಅರವತ್ತು ಡಾಲರ್ ಒಳಗೇ ಇತ್ತು. ಮೊದಲನೇ ಡೈಯ ಉಂಗುರ ಕಾರ್ಬೈಡಿನದು, ಹಾಗಾಗಿ ಕೇಸಿಗೆ ಎಣ್ಣೆ ಸವರುವ ರಗಳೆ ಇಲ್ಲ. ಇದನ್ನು ಕಂಪನಿಯ ನಾಲ್ಕು ತೂತಿನ ಟರೆಟ್ ಪ್ರೆಸ್ಸಿನಲ್ಲಿ ಹಾಕಿದ್ದೇನೆ. ನಾಲ್ಕು ಡೈಗೆ ನಾಲ್ಕು ತೂತು. ಒಮ್ಮೆ ಕೂರಿಸಿದರೆ ಬಿಚ್ಚುವ ಕೆಲಸ ಇಲ್ಲ.

ಇದಕ್ಕೂ ಮೊದಲು ನನ್ನ ಹತ್ತಿರ ಇದ್ದದ್ದು ಮೂರು ಡೈಗಳ ಹಳೇ ಸೆಟ್, ಬೇರೆಯವರು ಬಳಸಿ ಮಾರಿದ್ದು. ಅದರಲ್ಲಿ ಕೂರಿಸುವುದು, ಕ್ರಿಂಪ್ ಮಾಡುವುದು ಎರಡೂ ಒಂದೇ ಡೈಯಲ್ಲಿ, ಒಂದೇ ಏಟಿಗೆ. ಡೈಯ ತಪ್ಪೇನಿರಲಿಲ್ಲ, ನನ್ನ ಸೆಟ್ಟಿಂಗ್ ತಪ್ಪಿತ್ತು. ಒಂದು ಶನಿವಾರ ಮ್ಯಾಚಿನಲ್ಲಿ ಪಿಸ್ತೂಲು ಖಾಲಿ ಮಾಡುವಾಗ ಚೇಂಬರಿನಿಂದ, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗದಿಂದ, ಬಂದ ತೋಟೆಯನ್ನು ಸುಮ್ನೆ ಕೈಯಲ್ಲಿ ಹಿಡಿದು ನೋಡಿದೆ. ಮ್ಯಾಗಜೀನಿನಲ್ಲಿದ್ದ ಉಳಿದ ತೋಟೆಗಳ ಪಕ್ಕ ಇಟ್ಟರೆ ಗಿಡ್ಡ ಕಾಣಿಸಿತು. ಮನೆಗೆ ಬಂದು ಕ್ಯಾಲಿಪರ್ ಹಿಡಿದೆ. 1.100 ಇಂಚು ಇರಬೇಕಾದದ್ದು 1.058 ಇತ್ತು. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡು ಹೊಡೆದ ರಭಸಕ್ಕೆ ಗುಂಡು ಕೇಸಿನೊಳಗೆ ಜಾರಿತ್ತು. ಇದಕ್ಕೆ ಸೆಟ್‌ಬ್ಯಾಕ್ ಅನ್ನುತ್ತಾರೆ.

ಇದು ಸಣ್ಣ ವಿಷಯ ಅಲ್ಲ. 9 ಎಂಎಂ ಕೇಸು ಪುಟ್ಟದು, ಒಳಗೆ ಜಾಗವೇ ಕಮ್ಮಿ. ಗುಂಡು ಸ್ವಲ್ಪ ಕೆಳಗೆ ಇಳಿದರೂ ಮದ್ದು ಉರಿಯುವ ಜಾಗ ಕುಗ್ಗುತ್ತದೆ, ಒತ್ತಡ ಥಟ್ಟನೆ ಏರುತ್ತದೆ. ಇಲ್ಲಿನ ಮಾನದಂಡದ ಪ್ರಕಾರ 9 ಎಂಎಂಗೆ ಗರಿಷ್ಠ ಒತ್ತಡವೇ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಆ ಮಿತಿಯ ಹತ್ತಿರ ತುಂಬಿದ ತೋಟೆ ಆಗಿದ್ದರೆ ಕೇಸು ಒಡೆಯಬಹುದು, ಪಿಸ್ತೂಲು ಹಾಳಾಗಬಹುದು, ಕೈಗೇ ಏಟಾಗಬಹುದು. ಪಕ್ಕದಲ್ಲಿ ನಿಂತವರಿಗೂ ಆಗಬಹುದು. ಆ ಶನಿವಾರ ಉಳಿದಿದ್ದ ನೂರ ಎಂಬತ್ತು ಚಿಲ್ಲರೆ ತೋಟೆಗಳನ್ನು ಒಂದೊಂದಾಗಿ ಸುತ್ತಿಗೆ ಥರದ ಪುಲ್ಲರಿನಲ್ಲಿ ಹಾಕಿ ನೆಲಕ್ಕೆ ಬಡಿದು ಗುಂಡು ಬಿಡಿಸಿದೆ. ಎರಡು ರಾತ್ರಿ ಆಯಿತು. ಕೆಲವು ಒಂದೇ ಏಟಿಗೆ ಬಿಟ್ಟುಕೊಂಡವು. ಗಟ್ಟಿ ಕೂತ ಗುಂಡು ಹಾಗೆಲ್ಲ ಒಂದೇ ಏಟಿಗೆ ಬರುವುದಿಲ್ಲ.

ಬಿಡಿಸಿದ ಗುಂಡುಗಳನ್ನು ದೀಪದ ಕೆಳಗೆ ಹಿಡಿದು ನೋಡಿದಾಗ ಉತ್ತರ ಅದರ ಮೈಮೇಲೇ ಇತ್ತು. ಪ್ರತಿ ಗುಂಡಿನ ಸುತ್ತ ಒಂದು ಗಾಡಿ, ಅಂದರೆ ಸಣ್ಣ ತೋಡು, ಬಿದ್ದಿತ್ತು, ಬಳೆ ಒತ್ತಿದ ಹಾಗೆ. ತೆಳು ತಾಮ್ರದ ಲೇಪ ಇರುವ ಗುಂಡುಗಳಲ್ಲಿ ಆ ಗಾಡಿಯಲ್ಲಿ ಲೇಪ ಹರಿದು ಒಳಗಿನ ಸೀಸದ ಬೂದು ಬಣ್ಣ ಕಾಣುತ್ತಿತ್ತು. ಅಂದರೆ ನಾನು ಬಿಗಿ ಮಾಡುತ್ತ ಹೋದ ಕ್ರಿಂಪು ಗುಂಡನ್ನೇ ಕಚ್ಚಿ ಸಣ್ಣ ಮಾಡಿತ್ತು.

ಹಿತ್ತಾಳೆಗೆ ಸ್ಪ್ರಿಂಗಿನ ಗುಣ ಇದೆ. ಒತ್ತಿ ಬಿಟ್ಟರೆ ಕೂದಲೆಳೆಯಷ್ಟು ವಾಪಸ್ ಬಿಚ್ಚಿಕೊಳ್ಳುತ್ತದೆ. ಸೀಸಕ್ಕೆ ಆ ಗುಣ ಇಲ್ಲ, ಒತ್ತಿದರೆ ಒತ್ತಿದ ಹಾಗೇ ಕೂತುಬಿಡುತ್ತದೆ. ಈಗ ಎರಡನ್ನೂ ಒಟ್ಟಿಗೆ ಹಿಂಡಿ ಬಿಡಿ. ಗುಂಡು ಸಣ್ಣದಾಗಿಯೇ ಉಳಿಯಿತು, ಹಿತ್ತಾಳೆ ಮಾತ್ರ ಸ್ವಲ್ಪ ಹೊರಗೆ ಬಂತು. ನಡುವೆ ಸಂದು. ಮೊದಲು ಇದ್ದ ಹಿಡಿತವೂ ಹೋಯಿತು. ಜಾಸ್ತಿ ಕ್ರಿಂಪ್ ಮಾಡಿದಷ್ಟೂ ಗುಂಡು ಸಡಿಲ ಆಗುವುದು ಹೀಗೆ. ಒಮ್ಮೆ ಗೊತ್ತಾದರೆ ಎಷ್ಟು ಸರಳ ಅಲ್ವಾ, ಆದರೆ ನನಗೆ ಅದು ತಲೆಗೆ ಹೋಗಲು ಆ ಎರಡು ರಾತ್ರಿ ಬೇಕಾಯಿತು.

ಹಾಗಾದರೆ ಗುಂಡನ್ನು ಹಿಡಿಯುವುದು ಯಾವುದು? ಕೇಸಿನ ಗೋಡೆ. ಮೊದಲನೇ ಡೈ ಕೇಸಿನ ಒಳ ಅಳತೆಯನ್ನು ಗುಂಡಿಗಿಂತ ಒಂದೆರಡು ಸಾವಿರದಂಶ ಇಂಚು ಚಿಕ್ಕದು ಮಾಡುತ್ತದೆ. ಗುಂಡು ಒಳಗೆ ಇಳಿಯುವಾಗ ಆ ಗೋಡೆಯನ್ನು ಹಿಗ್ಗಿಸಿಕೊಂಡು ಇಳಿಯುತ್ತದೆ, ಹಿಗ್ಗಿದ ಗೋಡೆ ಅದನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಡಿಯುತ್ತದೆ. ಚೆನ್ನಾಗಿ ಕೂತ ತೋಟೆಯನ್ನು ಬೆಳಕಿಗೆ ಓರೆ ಹಿಡಿದು ನೋಡಿ. ಗುಂಡಿನ ತಳ ಕೇಸಿನೊಳಗೆ ಎಲ್ಲಿ ಮುಗಿಯುತ್ತದೋ ಅಲ್ಲಿ ಹೊರಗಿನಿಂದಲೇ ಸಣ್ಣ ಸೊಂಟ ಕಾಣುತ್ತದೆ. ಆ ಸೊಂಟ ಸುತ್ತಲೂ ಒಂದೇ ಸಮ ಇದ್ದರೆ ಹಿಡಿತ ಇದೆ ಅಂತ, ಗುಂಡು ನೆಟ್ಟಗೆ ಕೂತಿದೆ ಅಂತಲೂ ಅರ್ಥ. ಒಂದು ಕಡೆ ಮಾತ್ರ ಉಬ್ಬಿದ್ದರೆ ಗುಂಡು ಓರೆಯಾಗಿ ಇಳಿದಿದೆ.

ಹೀಗಿದ್ದರೆ ಕ್ರಿಂಪ್ ಯಾತಕ್ಕೆ? ಗುಂಡು ಕೂರಿಸುವ ಮೊದಲು ಕೇಸಿನ ಬಾಯಿ ಅರಳಿಸಿರುತ್ತೇವೆ, ಇಲ್ಲದಿದ್ದರೆ ಬಾಯಿಯ ಅಂಚು ಗುಂಡನ್ನು ಕೆರೆಯುತ್ತದೆ. ಆ ಅರಳಿದ ಬಾಯನ್ನು ಮತ್ತೆ ನೇರ ಮಾಡುವುದಷ್ಟೇ 9 ಎಂಎಂನಲ್ಲಿ ಕ್ರಿಂಪಿನ ಕೆಲಸ. ಟೇಪರ್ ಕ್ರಿಂಪ್ ಅನ್ನುವುದು ಇದಕ್ಕೇ. ಇನ್ನೊಂದು ಕಾರಣವೂ ಇದೆ. 9 ಎಂಎಂ, .45 ಎಸಿಪಿ, .40 ಎಸ್‌ಅಂಡ್‌ಡಬ್ಲ್ಯು ಇವೆಲ್ಲ ಚೇಂಬರಿನೊಳಗೆ ನಿಲ್ಲುವುದೇ ಕೇಸಿನ ಬಾಯಿಯ ಅಂಚಿನ ಮೇಲೆ. ಆ ಅಂಚನ್ನು ಪೂರ್ತಿ ಒಳಗೆ ಮಡಚಿಬಿಟ್ಟರೆ ತೋಟೆ ನಿಲ್ಲಬೇಕಾದ ಕಡೆ ನಿಲ್ಲದೆ ಮುಂದಕ್ಕೆ ಹೋಗುತ್ತದೆ.

ಬಿಗಿ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ನನಗೆ ಬಂದದ್ದು ಊರಿನಿಂದಲೇ ಅನ್ನಿಸುತ್ತದೆ. ಅಜ್ಜನ ಹತ್ತಿರ ಬೆಳೆ ಕಾಯಲು ಲೈಸೆನ್ಸಿನ ಕೇಪಿನ ಕೋವಿ ಇತ್ತು. ಚುನಾವಣೆ ಬಂತೆಂದರೆ ಠಾಣೆಗೆ ಕೊಟ್ಟು ಬರಬೇಕಿತ್ತು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕಿತ್ತು. ಅದಕ್ಕೆ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಕಬ್ಬಿಣದ ಸರಳಿನಲ್ಲಿ ಜಡಿಯುತ್ತಿದ್ದರು. ಸರಳು ಕೈಯಲ್ಲಿ ಪುಟಿಯಬೇಕು, ಆಗ ಗಟ್ಟಿ ಕೂತಿದೆ ಅಂತ ಲೆಕ್ಕ ಎನ್ನುತ್ತಿದ್ದರು ಅಜ್ಜ. ಆ ಕೋವಿಗೆ ಅದು ಸರಿಯೇ, ಕರಿಮದ್ದಿಗೂ ನಾರಿಗೂ ನಡುವೆ ಪೊಳ್ಳು ಇರಬಾರದು. ಪಿಸ್ತೂಲಿನ ತೋಟೆಯ ಲೆಕ್ಕ ಬೇರೆ. ಇಲ್ಲಿ ಒಳಗೆ ಎಷ್ಟು ಖಾಲಿ ಜಾಗ ಇರಬೇಕು ಅನ್ನುವುದು ಮದ್ದಿನ ತೂಕದಷ್ಟೇ ಮುಖ್ಯ. ಆ ಜಾಗ ತುಂಬಿದಾಗ ಎಷ್ಟಿತ್ತೋ ಕುದುರೆ (ಟ್ರಿಗರ್) ಒತ್ತುವವರೆಗೂ ಅಷ್ಟೇ ಇರಬೇಕು.

ಈಗ ಡೈಗೆ ಬರೋಣ. ಒಂದೇ ಡೈಯಲ್ಲಿ ಕೂರಿಸಿ ಕ್ರಿಂಪ್ ಮಾಡುವುದರ ಕಷ್ಟ ಏನೆಂದರೆ, ಗುಂಡು ಇನ್ನೂ ಕೆಳಗೆ ಇಳಿಯುತ್ತಿರುವಾಗಲೇ ಬಾಯಿ ಮುಚ್ಚಿಕೊಳ್ಳಲು ಶುರುವಾಗುತ್ತದೆ. ಬಾಗಿಲು ಹಾಕುತ್ತಿರುವಾಗ ಒಳಗೆ ನುಗ್ಗಿದ ಹಾಗೆ. ಬಾಯಿಯ ಅಂಚು ಗುಂಡಿನ ಮೈ ಹೆರೆಯುತ್ತದೆ, ಕೆಲವೊಮ್ಮೆ ತಾಮ್ರದ ಸಣ್ಣ ಉಂಗುರವೇ ಎದ್ದು ಕೇಸಿನ ಬಾಯಿಯ ಸುತ್ತ ನಿಂತಿರುತ್ತದೆ. ಆ ಎಳೆ ಚೇಂಬರಿನಲ್ಲಿ ಉಳಿದರೆ ಮುಂದಿನ ತೋಟೆ ಪೂರ್ತಿ ಒಳಗೆ ಹೋಗುವುದಿಲ್ಲ. ಕೇಸುಗಳ ಉದ್ದ ಎಲ್ಲ ಒಂದೇ ಸಮ ಇದ್ದು, ಡೈಯನ್ನು ತಾಳ್ಮೆಯಿಂದ ಕೂರಿಸಿದರೆ ಒಂದೇ ಏಟಿಗೂ ಒಳ್ಳೆಯ ತೋಟೆ ಬರುತ್ತದೆ. ಹಾಗೆ ಮಾಡುವವರು ಬಹಳ ಜನ ಇದ್ದಾರೆ. ಆದರೆ ರೇಂಜಿನ ನೆಲದಿಂದ ಆರಿಸಿದ ಹತ್ತು ಕಂಪನಿಯ ಕೇಸುಗಳಿಗೆ ಅದು ಒಗ್ಗುವುದಿಲ್ಲ. ನನ್ನ ಬಕೆಟ್ಟಿನಲ್ಲಿರುವುದು ಅಂಥವೇ.

ಲೀಯ ಮೂರನೇ ಡೈಯೊಳಗೂ ಕ್ರಿಂಪ್ ಮಾಡುವ ಅಂಚು ಇದೆ. ಅದನ್ನು ಬಳಸಬಾರದು ಅಂದರೆ ಡೈಯನ್ನು ಮೇಲೆ ಎತ್ತಿ ಇಡಬೇಕು. ಕೇಸನ್ನು ಪ್ರೆಸ್ಸಿನಲ್ಲಿ ಪೂರ್ತಿ ಮೇಲೆ ಎತ್ತಿ, ಡೈಯನ್ನು ಕೈಯಲ್ಲೇ ತಿರುಗಿಸುತ್ತ ಇಳಿಸಿ. ಒಂದು ಕಡೆ ಅದು ಬಾಯಿಗೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಒಂದು ಸುತ್ತು ಹಿಂದಕ್ಕೆ ತಿರುಗಿಸಿ. ಡೈಯ ಮರೆ, ಅಂದರೆ ಹೊರಮೈಯ ತಿರುಪಿನ ಸುತ್ತು, ಇಂಚಿಗೆ ಹದಿನಾಲ್ಕು, ಅಂದರೆ ಒಂದು ಸುತ್ತಿಗೆ 0.071 ಇಂಚು. ಕೇಸು ಎಷ್ಟೇ ಉದ್ದ ಇದ್ದರೂ ಇನ್ನು ಆ ಅಂಚು ತಾಗುವುದಿಲ್ಲ. ಆಮೇಲೆ ಮೇಲಿನ ತಿರುಪಿನಲ್ಲಿ ಗುಂಡಿನ ಆಳ ಹೊಂದಿಸಿ. ಮೊದಲು ಎತ್ತರ ಕೂರಿಸಿ, ಅಳೆದು, ಸ್ವಲ್ಪ ಸ್ವಲ್ಪ ಇಳಿಸುತ್ತ ಬನ್ನಿ. ಆಳಕ್ಕೆ ಹೋದ ಗುಂಡನ್ನು ಮೇಲೆ ಎತ್ತಲು ಡೈ ಇಲ್ಲ, ಮತ್ತೆ ಸುತ್ತಿಗೆಯೇ ಗತಿ.

ಕೂರಿಸುವ ಹೊತ್ತು ನನಗೆ ಈ ಕೆಲಸದಲ್ಲೇ ಬಹಳ ಇಷ್ಟದ್ದು. ಅರಳಿದ ಬಾಯಿಯ ಮೇಲೆ ಗುಂಡನ್ನು ಬೆರಳಲ್ಲಿ ನಿಲ್ಲಿಸಬೇಕು. ಕೈ ಬಿಟ್ಟರೂ ಬೀಳದೆ ನೆಟ್ಟಗೆ ನಿಂತರೆ ಅರಳಿಸಿದ್ದು ಸಾಕು, ಅದಕ್ಕಿಂತ ಜಾಸ್ತಿ ಬೇಡ. ಜಾಸ್ತಿ ಅರಳಿಸಿದರೆ ಕೇಸಿನ ಹಿಡಿತವೂ ಕಮ್ಮಿಯಾಗುತ್ತದೆ, ನಾಲ್ಕು ಸಲ ಬಳಸುವಷ್ಟರಲ್ಲಿ ಬಾಯಿ ಸೀಳುತ್ತದೆ. ಹಿಡಿ ಕೆಳಗೆ ಎಳೆಯುತ್ತ ಹೋದರೆ ಮೊದಲು ಏನೂ ಇರುವುದಿಲ್ಲ, ಆಮೇಲೆ ಗುಂಡಿನ ಮೂತಿ ಡೈಯೊಳಗಿನ ಗೂಟಕ್ಕೆ ತಾಗಿ ಸಣ್ಣ ತಡೆ, ಅಲ್ಲಿಂದ ಕೊನೆಯವರೆಗೆ ಒಂದೇ ಸಮನಾದ ಬಿಗಿ. ಬೆಣ್ಣೆಗೆ ಚಮಚ ಇಳಿದ ಹಾಗೆ ಸಲೀಸಾಗಿ ಇಳಿದರೆ ನಿಲ್ಲಿಸಿ. ಆ ಕೇಸಿಗೆ ಹಿಡಿತ ಇಲ್ಲ. ನಾನು ಅಂಥದನ್ನು ಪಕ್ಕಕ್ಕಿಟ್ಟು ಆಮೇಲೆ ಬಿಡಿಸುತ್ತೇನೆ, ಕ್ರಿಂಪ್ ಮಾಡಿ ಸರಿಮಾಡಲು ಹೋಗುವುದಿಲ್ಲ.

ಡೈಯೊಳಗಿನ ಆ ಗೂಟದ ಆಕಾರವೂ ಗುಂಡಿನ ಮೂತಿಗೆ ಹೊಂದಬೇಕು. ದುಂಡು ಮೂತಿಯ ಗುಂಡಿಗೆ ಸೆಟ್ಟಿನ ಜೊತೆ ಬಂದದ್ದು ಚೆನ್ನಾಗಿ ಕೂರುತ್ತದೆ. ಚಪ್ಪಟೆ ಮೂತಿಯದಕ್ಕೆ, ತೂತಿನ ಮೂತಿಯದಕ್ಕೆ ಹೊಂದದಿದ್ದರೆ ಮೂತಿಯ ಮೇಲೆ ಉಂಗುರದ ಗುರುತು ಬೀಳುತ್ತದೆ, ಉದ್ದವೂ ಒಂದೊಂದಕ್ಕೆ ಒಂದೊಂದು ಬರುತ್ತದೆ.

ನಾಲ್ಕನೇ ಡೈಯನ್ನು ಹೊಂದಿಸುವುದು ಸುಲಭ. ಶೆಲ್ ಹೋಲ್ಡರ್ ಪೂರ್ತಿ ಮೇಲಿದ್ದಾಗ ಅದಕ್ಕೆ ತಾಗುವ ತನಕ ಡೈ ಇಳಿಸಬೇಕು. ಮೇಲಿನ ಗುಬುಟನ್ನು ಸಡಿಲ ಮಾಡಿ, ಗುಂಡು ಕೂತ ತೋಟೆಯೊಂದನ್ನು ಒಳಗೆ ಎತ್ತಬೇಕು. ಗುಬುಟನ್ನು ತಿರುಗಿಸುತ್ತ ಬಂದರೆ ಒಂದು ಕಡೆ ತಾಗುತ್ತದೆ. ತೋಟೆ ಇಳಿಸಿ, ಅಲ್ಲಿಂದ ಅರ್ಧ ಸುತ್ತು ಕೊಟ್ಟರೆ ಹಗುರ ಕ್ರಿಂಪ್, ಒಂದು ಸುತ್ತು ಕೊಟ್ಟರೆ ಬಿಗಿ. ನಾನು ಅರ್ಧದಲ್ಲೇ ಶುರು ಮಾಡಿ, ಅಳತೆ ನೋಡಿ ಒಂಚೂರು ಹಿಂದೆ ಮುಂದೆ ಮಾಡುತ್ತೇನೆ. ಗುಬುಟು ಇರುವುದರಿಂದ ಡೈಯನ್ನು ಸಡಿಲ ಮಾಡದೆ ಕ್ರಿಂಪ್ ಬದಲಿಸಬಹುದು. ಇದು ಈ ಡೈಯ ದೊಡ್ಡ ಅನುಕೂಲ.

ಕ್ರಿಂಪ್ ಆದ ಬಾಯಿಯ ಅಡ್ಡಳತೆ ಎಷ್ಟು ಬರಬೇಕು ಅಂತ ಯಾರನ್ನೂ ಕೇಳಬೇಕಿಲ್ಲ, ಕೂಡಿಸಿದರೆ ಸಿಗುತ್ತದೆ. ಗುಂಡು 0.355 ಇಂಚು. ಬಾಯಿಯ ಹತ್ತಿರ ಕೇಸಿನ ಗೋಡೆ ಸುಮಾರು 0.011ರಿಂದ 0.012. ಎರಡು ಕಡೆ ಗೋಡೆ, ಹಾಗಾಗಿ 0.377ರಿಂದ 0.379. ಅರಳಿದ್ದು ಹೋಗಿದೆ, ಗುಂಡನ್ನು ಕಚ್ಚಿಲ್ಲ ಅಂತ ಅದರ ಅರ್ಥ. ನನ್ನದು 0.378ರ ಆಸುಪಾಸು ನಿಲ್ಲಿಸಿದ್ದೇನೆ. ಮಾನದಂಡದ ಗರಿಷ್ಠ 0.380. ಕ್ಯಾಲಿಪರಿನ ದವಡೆಯ ತೆಳು ತುದಿಯನ್ನು ಬಾಯಿಯ ಅಂಚಿಗೇ ಹಿಡಿಯಬೇಕು, ಸ್ವಲ್ಪ ಕೆಳಗೆ ಜಾರಿದರೂ ಬೇರೆ ಲೆಕ್ಕ ಬರುತ್ತದೆ. ಅಳೆಯುವ ಮುಂಚೆ ದವಡೆ ಮುಚ್ಚಿ ಸೊನ್ನೆ ತೋರಿಸುತ್ತಿದೆಯಾ ನೋಡಿಕೊಳ್ಳಿ. ಪ್ರತಿ ಸಲವೂ.

ಅಳತೆಗಿಂತ ದೊಡ್ಡ ಪರೀಕ್ಷೆ ನಿಮ್ಮ ಪಿಸ್ತೂಲಿನ ಬ್ಯಾರಲ್ಲೇ. ಪಿಸ್ತೂಲು ಖಾಲಿ ಇದೆ ಅಂತ ಎರಡು ಸಲ ನೋಡಿ, ಬ್ಯಾರಲ್ ಬಿಚ್ಚಿ, ಚೇಂಬರ್ ಮೇಲೆ ಬರುವ ಹಾಗೆ ಹಿಡಿದು ತೋಟೆಯನ್ನು ಒಳಗೆ ಬಿಡಿ. ಟಣ್ ಅಂತ ಬೀಳಬೇಕು. ಬೆರಳಲ್ಲಿ ತಿರುಗಿಸಿದರೆ ಸರಾಗವಾಗಿ ತಿರುಗಬೇಕು. ಬ್ಯಾರಲ್ ಬೋರಲು ಹಾಕಿದರೆ ತಾನಾಗೇ ಬೀಳಬೇಕು. ಇಲ್ಲಿ ಪ್ಲಂಕ್ ಟೆಸ್ಟ್ ಅನ್ನುತ್ತಾರೆ, ಆ ಸದ್ದಿನ ಹೆಸರೇ ಅದಕ್ಕೆ. ಒಳಗೆ ಹೋಗಿ ತಿರುಗದೆ ನಿಂತರೆ ಗುಂಡಿನ ಮೂತಿ ನಳಿಗೆಯ ಗಾಡಿಗೆ ತಾಗುತ್ತಿದೆ ಅಂತ, ಇನ್ನೂ ಸ್ವಲ್ಪ ಆಳಕ್ಕೆ ಕೂರಿಸಬೇಕು. ಆಗ ಮ್ಯಾನುಯಲ್ ಮತ್ತೆ ತೆಗೆದು ನೋಡಿ, ಆಳ ಹೆಚ್ಚಿದರೆ ಒತ್ತಡವೂ ಹೆಚ್ಚುತ್ತದೆ. ಪೂರ್ತಿ ಒಳಗೇ ಹೋಗದಿದ್ದರೆ ಬಾಯಿ ಇನ್ನೂ ಅರಳಿಕೊಂಡಿರಬಹುದು, ಅದು ಕ್ರಿಂಪಿನ ಕೆಲಸ. ಯಾವುದು ತಾಗುತ್ತಿದೆ ಗೊತ್ತಾಗದಿದ್ದರೆ ತೋಟೆಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ಬಿಡಿ, ತಾಗಿದ ಕಡೆ ಬಣ್ಣ ಕೆರೆದಿರುತ್ತದೆ.

ನನ್ನ ಪಿಸ್ತೂಲು ಸಿಝೆಡ್ 75. ಇದರ ಬ್ಯಾರಲ್ಲಿನಲ್ಲಿ ಚೇಂಬರಿನ ಮುಂದಿನ ಜಾಗ ಗಿಡ್ಡ, ಬೇರೆ ಪಿಸ್ತೂಲುಗಳಲ್ಲಿ ಬೀಳುವ ತೋಟೆ ಇದರಲ್ಲಿ ನಿಂತುಬಿಡುತ್ತದೆ. ಮಾನದಂಡದ ಗರಿಷ್ಠ ಉದ್ದ 1.169 ಇಂಚು ಅಂತ ಇದ್ದರೂ ನನ್ನ ಗುಂಡಿಗೆ 1.100 ಮಾತ್ರ ಒಗ್ಗಿತು. ಈ ಸಂಖ್ಯೆ ನಿಮಗೆ ಅಲ್ಲ. ಗುಂಡಿನ ಮೂತಿ ಬದಲಾದರೆ ಉದ್ದ ಬದಲಾಗುತ್ತದೆ, ಬ್ಯಾರಲ್ ಬದಲಾದರೂ ಬದಲಾಗುತ್ತದೆ.

ಕೊನೆಯದು ಸೆಟ್‌ಬ್ಯಾಕ್ ಪರೀಕ್ಷೆ. ತೋಟೆಯ ಉದ್ದ ಅಳೆದು, ಗುಂಡಿನ ಮೂತಿಯನ್ನು ಮರದ ಮೇಜಿನ ಅಂಚಿಗೆ ಹೆಬ್ಬೆರಳಿಂದ ಜೋರಾಗಿ ಒತ್ತಿ, ಮತ್ತೆ ಅಳೆಯುವುದು. ಹೊಸ ಸೆಟ್ಟಿನಲ್ಲಿ ಮೊದಲ ಐವತ್ತನ್ನೂ ಹೀಗೆ ಒತ್ತಿ ನೋಡಿದೆ. ನಲವತ್ತೆಂಟು ಅಲ್ಲಾಡಲಿಲ್ಲ, ಎರಡು ಮಾತ್ರ ಜಾರಿದವು. ಎರಡೂ ಒಂದೇ ಗುರುತಿನ ಕೇಸು, ಗೋಡೆ ತೆಳ್ಳಗಿನದು. ಆ ಗುರುತಿನ ಕೇಸು ಬಕೆಟ್ಟಿನಲ್ಲಿದ್ದದ್ದನ್ನೆಲ್ಲ ಹೆಕ್ಕಿ ಗುಜರಿಗೆ ಹಾಕಿದೆ. ಈಗ ಪ್ರತಿ ನೂರಕ್ಕೆ ಹತ್ತು ಒತ್ತಿ ನೋಡುತ್ತೇನೆ. ಒಂದು ಸಲ ಚೇಂಬರಿಗೆ ಹೋಗಿ ಬಂದ ತೋಟೆಯನ್ನು ಅಳೆಯದೆ ಮತ್ತೆ ಹಾಕುವುದಿಲ್ಲ.

ಇನ್ನು ನಾಲ್ಕನೇ ಡೈಯ ತಳದಲ್ಲಿರುವ ಕಾರ್ಬೈಡ್ ಉಂಗುರದ ವಿಷಯ. ತುಂಬಿದ ತೋಟೆ ಒಳಗೆ ಹೋಗುವಾಗ, ಹೊರಗೆ ಬರುವಾಗ ಈ ಉಂಗುರದ ಮೂಲಕ ಹಾಯುತ್ತದೆ, ಎಲ್ಲಾದರೂ ಉಬ್ಬಿದ್ದರೆ ಒತ್ತಿ ಸಮ ಮಾಡುತ್ತದೆ. ಚೇಂಬರಿಗೆ ಹೋಗದ ತೋಟೆ ಅನ್ನುವುದು ಹೀಗೆ ಬಹಳ ಕಮ್ಮಿಯಾಗುತ್ತದೆ. ಮ್ಯಾಚಿನಲ್ಲಿ ಸಿಕ್ಕಿಹಾಕಿಕೊಂಡು ನಿಲ್ಲುವುದಕ್ಕಿಂತ ಇದು ಎಷ್ಟೋ ವಾಸಿ. ಆದರೆ ಇದನ್ನು ಬೈಯುವವರೂ ಇದ್ದಾರೆ, ಅವರ ಮಾತಲ್ಲೂ ಹುರುಳಿದೆ. ಎರಕದ ಸೀಸದ ಗುಂಡು ಸಾಮಾನ್ಯವಾಗಿ 0.356 ಇಂಚು, ಕೆಲವರು ಇನ್ನೂ ದಪ್ಪದ್ದು ಬಳಸುತ್ತಾರೆ. ಗೋಡೆ ದಪ್ಪ ಇರುವ ಕೇಸಿನಲ್ಲಿ ಅದು ಕೂತಾಗ ಈ ಉಂಗುರ ಕೇಸನ್ನು ಒತ್ತುವ ನೆಪದಲ್ಲಿ ಒಳಗಿನ ಗುಂಡನ್ನೂ ಸಣ್ಣ ಮಾಡಬಹುದು. ಮತ್ತೆ ಅದೇ ಕಥೆ, ಹಿತ್ತಾಳೆ ವಾಪಸ್ ಬಿಚ್ಚುತ್ತದೆ, ಸೀಸ ಬಿಚ್ಚುವುದಿಲ್ಲ. ಸಣ್ಣಗಾದ ಸೀಸದ ಗುಂಡು ನಳಿಗೆಗೆ ಸರಿಯಾಗಿ ಕೂರದೆ ನಳಿಗೆಯೊಳಗೆ ಸೀಸ ಮೆತ್ತುತ್ತದೆ. ಹಾಗಾಗಿ ಎರಕದ ಗುಂಡು ಬಳಸುವವರು ಉಂಗುರ ಇಲ್ಲದ ಸಾದಾ ಟೇಪರ್ ಕ್ರಿಂಪ್ ಡೈ ತೆಗೆದುಕೊಳ್ಳಲಿ. ಲೀಯವರದೂ ಸಿಗುತ್ತದೆ, ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡಿನ ರೆಡಿಂಗ್ ಕಂಪನಿಯದೂ ಸಿಗುತ್ತದೆ. ತಾಮ್ರದ ಕವಚದ ಗುಂಡು ಬಳಸುವ ನನ್ನಂಥವರಿಗೆ ಉಂಗುರದಿಂದ ಲಾಭವೇ ಜಾಸ್ತಿ.

ಆ ಉಂಗುರ ನನಗೆ ಇನ್ನೊಂದು ಕೆಲಸಕ್ಕೂ ಬರುತ್ತದೆ. ಸರಿಯಾಗಿ ತುಂಬಿದ ತೋಟೆ ಅದರೊಳಗೆ ತಾಗದ ಹಾಗೇ ಹೋಗಿ ಬರುತ್ತದೆ. ಹಿಡಿ ಎಳೆಯುವಾಗ ಎಲ್ಲೋ ಒರಟು ತಡೆ ಸಿಕ್ಕಿತು ಅಂದರೆ ಆ ತೋಟೆಯಲ್ಲಿ ಏನೋ ತಪ್ಪಿದೆ. ಒಂದೋ ಗುಂಡು ಓರೆ ಕೂತಿದೆ, ಇಲ್ಲವೇ ಕೇಸು ಸರಿಯಾಗಿ ಕುಗ್ಗಿಲ್ಲ. ನೂರಕ್ಕೆ ಒಂದೋ ಎರಡೋ ಹಾಗೆ ಬರುತ್ತವೆ, ಅವನ್ನು ತೆಗೆದು ನೋಡುತ್ತೇನೆ. ಪ್ರತಿ ತೋಟೆಯೂ ತಡೆಯುತ್ತಿದ್ದರೆ ಮೊದಲ ಮೂರು ಡೈಗಳಲ್ಲಿ ಎಲ್ಲೋ ಕೆಡುತ್ತಿದೆ ಅಂತ ಅರ್ಥ. ಅದನ್ನು ಹುಡುಕಿ ಸರಿಮಾಡಬೇಕು, ಕೊನೆಯ ಡೈ ಒತ್ತಿ ಸರಿಮಾಡುತ್ತದೆ ಅಂತ ಬಿಡಬಾರದು.

ರಿವಾಲ್ವರ್ ಇರುವವರಿಗೆ ಮೇಲಿನದ್ದು ಅರ್ಧ ಮಾತ್ರ ಅನ್ವಯಿಸುತ್ತದೆ. .38 ಸ್ಪೆಷಲ್, .357 ಮ್ಯಾಗ್ನಂ ಇವಕ್ಕೆ ತಳದಲ್ಲಿ ಅಂಚು ಇದೆ, ತೋಟೆ ಅದರ ಮೇಲೆ ನಿಲ್ಲುತ್ತದೆ. ಹಾಗಾಗಿ ಬಾಯನ್ನು ಒಳಗೆ ಮಡಚಬಹುದು, ಅದು ರೋಲ್ ಕ್ರಿಂಪ್. ಅಲ್ಲಿನ ಅಪಾಯ ಉಲ್ಟಾ. ಒಂದು ಗುಂಡು ಹಾರಿದ ಏಟಿಗೆ ಉಳಿದ ತೋಟೆಗಳ ಗುಂಡುಗಳು ಮುಂದಕ್ಕೆ ಜಾರುತ್ತವೆ, ಜಾಸ್ತಿ ಜಾರಿದರೆ ಸಿಲಿಂಡರ್ ತಿರುಗದೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಆ ಗುಂಡುಗಳ ಸೊಂಟದಲ್ಲಿ ಗಾಡಿ ಕೊಟ್ಟಿರುತ್ತಾರೆ, ಬಾಯಿಯ ಅಂಚು ಅದರೊಳಗೆ ಮಡಚಿಕೊಳ್ಳಬೇಕು. ಕೇಸುಗಳ ಉದ್ದ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಒಂದಕ್ಕೆ ಜಾಸ್ತಿ ಒಂದಕ್ಕೆ ಕಮ್ಮಿ. ಗೆಳೆಯರೊಬ್ಬರು ನನ್ನ ಮೇಜಿನಲ್ಲೇ .38 ಸೆಟ್ ಹಾಕಿ ತುಂಬುತ್ತಾರೆ. ಅವರ ಕ್ರಿಂಪ್ ನೋಡಿ ಅಭ್ಯಾಸ ಆದ ಕಣ್ಣಿಗೆ 9 ಎಂಎಂನ ಕ್ರಿಂಪ್ ಏನೂ ಮಾಡೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಹಾಗೆ ಕಂಡರೇ ಅದು ಸರಿ ಇದೆ.

ಕೆಲವು ಚಿಲ್ಲರೆ ವಿಷಯ. ಈ ಡೈಗಳ ಲಾಕ್ ರಿಂಗಿನಲ್ಲಿ ತಿರುಪು ಇಲ್ಲ, ರಬ್ಬರ್ ಉಂಗುರದ ಬಿಗಿಯಲ್ಲೇ ನಿಲ್ಲುತ್ತದೆ. ಕೆಲವರಿಗೆ ಅದು ಇಷ್ಟ, ಕೆಲವರಿಗೆ ತಿರುಪೇ ಬೇಕು. ನಾನು ಹೊಂದಿಸಿದ ಮೇಲೆ ಡೈಯಿಂದ ರಿಂಗಿಗೆ, ರಿಂಗಿನಿಂದ ಟರೆಟ್ಟಿಗೆ ಒಂದೇ ಗೆರೆ ಮಾರ್ಕರಿನಲ್ಲಿ ಎಳೆದಿದ್ದೇನೆ. ಕೂರುವ ಮುಂಚೆ ನಾಲ್ಕೂ ಗೆರೆ ಕೂಡಿವೆಯಾ ಅಂತ ನೋಡಿದರೆ ಆಯಿತು. ಎರಕದ ಗುಂಡಿಗೆ ಸವರಿದ ಮೇಣ ಮೂರನೇ ಡೈಯ ಗೂಟದಲ್ಲಿ ಮೆತ್ತಿಕೊಂಡು ಉದ್ದ ಬದಲಾಗುತ್ತದೆ, ಆಗಾಗ ಬಿಚ್ಚಿ ಒರೆಸಬೇಕು. ಗುಂಡು ಇಡುವ ಮುಂಚೆ ಪ್ರತಿ ಕೇಸಿನೊಳಗೂ ಕಣ್ಣು ಹಾಕಿ ಮದ್ದು ನೋಡಿ. ಪ್ರೆಸ್ಸಿನ ಮೇಲೆ ಒಂದು ಪುಟ್ಟ ಎಲ್‌ಇಡಿ ದೀಪ ಹಾಕಿಕೊಂಡರೆ ಕತ್ತು ಬಗ್ಗಿಸದೆ ಕಾಣುತ್ತದೆ. ಕೂತಾಗ ಫೋನು ಇನ್ನೊಂದು ಕೋಣೆಯಲ್ಲಿರಲಿ. ಎದ್ದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸೀಸ ಮುಟ್ಟಿದ ಕೈ.

ಯಾರು ಕೊಳ್ಳಬೇಕು ಅಂದರೆ, ಹೊಸದಾಗಿ ಶುರು ಮಾಡುವವರು ಕಣ್ಣು ಮುಚ್ಚಿ ನಾಲ್ಕು ಡೈಯ ಸೆಟ್ಟನ್ನೇ ತೆಗೆದುಕೊಳ್ಳಿ. ಮೂರು ಡೈಯದ್ದಕ್ಕೂ ಇದಕ್ಕೂ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆಗಲೇ ಯಾವುದೋ ಕಂಪನಿಯ ಮೂರು ಡೈ ಇದ್ದು ಅವು ಚೆನ್ನಾಗಿದ್ದರೆ ಕ್ರಿಂಪ್ ಡೈ ಒಂದನ್ನೇ ತನ್ನಿ, ಇಪ್ಪತ್ತು ಚಿಲ್ಲರೆ ಡಾಲರಿಗೆ ಬರುತ್ತದೆ, ಮರೆ ಬಹುತೇಕ ಎಲ್ಲರದ್ದೂ ಒಂದೇ ಆದ್ದರಿಂದ ಸಾಮಾನ್ಯವಾಗಿ ನಿಮ್ಮ ಪ್ರೆಸ್ಸಿಗೆ ಕೂರುತ್ತದೆ. ಪ್ರೆಸ್ಸಿನಲ್ಲಿ ಮೂರೇ ತೂತು ಇದ್ದರೆ, ಇಲ್ಲವೇ ಒಂದೇ ಇದ್ದರೆ, ನೂರು ತೋಟೆ ಕೂರಿಸಿ ಮುಗಿಸಿ ಆಮೇಲೆ ಡೈ ಬದಲಿಸಿ ನೂರನ್ನೂ ಕ್ರಿಂಪ್ ಮಾಡಿ. ಅರ್ಧ ಗಂಟೆ ಜಾಸ್ತಿ ಆಗುತ್ತದೆ, ಆಗಲಿ. ಮೊದಲ ಹತ್ತು ತೋಟೆಯಲ್ಲಿ ಒಂದನ್ನು ಸುತ್ತಿಗೆಯಲ್ಲಿ ಬಿಡಿಸಿ ಗುಂಡಿನ ಮೈ ನೋಡಿ. ಬಾಯಿ ಇದ್ದ ಕಡೆ ಬೆರಳುಗುರಿಗೆ ಸಿಗದಷ್ಟು ತೆಳು ಗೆರೆ ಇದ್ದರೆ ಗುಬುಟನ್ನು ಅಲ್ಲೇ ಬಿಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗಾಡಿ ಇದ್ದರೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಇನ್ನೊಂದನ್ನು ಬಿಡಿಸಿ ನೋಡಿ.